ಮದ್ದು ಮುಟ್ಟದ ಇಲಿಗಳ ಕಾವಲು

ಬೆಳಿಗ್ಗೆ ಆರೂಕಾಲು. ಸರಸ್ವತಿಪುರಂನ ಸಂಶೋಧನಾಲಯವೊಂದರ ಹಿಂಬದಿಯ ಶೆಡ್ಡಿನಲ್ಲಿ ಪುಟ್ಟಮಾದಮ್ಮ ಹದಿನೇಳನೆಯ ಪಂಜರದ ತಟ್ಟೆ ಎಳೆದು ಒದ್ದೆ ಹೊಟ್ಟನ್ನು ಡಬ್ಬಕ್ಕೆ ಸುರಿಯುತ್ತಿದ್ದಾರೆ. ಹೊಸ ಭತ್ತದ ಹೊಟ್ಟು ಹರಡುವ ಮುಂಚೆ ಒಂದು ಹಿಡಿ ತೆಗೆದು ಮೂಸುತ್ತಾರೆ. ಕಂಬಿ ಕಚ್ಚುತ್ತಿರುವ ಬಿಳಿ ಇಲಿಯೊಂದನ್ನು ಗದರುತ್ತಾರೆ: "ತಡ್ಕೊಳೋ, ನಿಂಗೊಬ್ನಿಗೇನಾ ಹೊಟ್ಟೆ ಇರೋದು?"

ಅರವತ್ತು ಪಂಜರ, ನೂರಾ ಎಂಬತ್ತು ಇಲಿ. ಎಂಟು ಗಂಟೆಯೊಳಗೆ ಅಷ್ಟಕ್ಕೂ ನೀರು, ಮೇವು, ಹಾಸು ಆಗಬೇಕು. ಭಾನುವಾರವೆಂದು ಇಲಿಗಳು ಉಪವಾಸ ಮಾಡುವುದಿಲ್ಲವಾದ್ದರಿಂದ ಪುಟ್ಟಮಾದಮ್ಮನಿಗೂ ಭಾನುವಾರವಿಲ್ಲ.

ಊರು ಹೂಟಗಳ್ಳಿ. ಓದಿದ್ದು ಏಳನೇ ತರಗತಿ. ೧೯೮೯ರಲ್ಲಿ ದಿನಗೂಲಿ ಮೇಲೆ ಕಸ ಗುಡಿಸಲು ಸೇರಿದವರಿಗೆ ಆರು ತಿಂಗಳಲ್ಲೇ ಇಲಿಮನೆಯ ಕೆಲಸ ಬಂತು. "ಮೊದ್ಲು ದಿನ ಸ್ಟೂಲ್ ಮೇಲೆ ಹತ್ಬುಟ್ಟಿದ್ದೆ ಕಣ್ರೀ. ಎಂಟು ಸಲ ಕಚ್ಚಿದ್ವು. ಆಮೇಲೆ ಅವುಕ್ಕೇ ಬೇಜಾರಾಯ್ತು" ಎಂದು ನಗುತ್ತಾರೆ.

ಈ ಶೆಡ್ಡಿನ ಇಲಿಗಳ ಮೇಲೆ ನಡೆಯುವ ಪ್ರಯೋಗಗಳು ಹೆಚ್ಚಾಗಿ ಯಕೃತ್ತಿಗೆ ಸಂಬಂಧಿಸಿದವು. ದೇಹ ಹೊಕ್ಕ ವಿಷವನ್ನು ಒಡೆದು ಹೊರಹಾಕುವ ಕಿಣ್ವಗಳು ಅಲ್ಲಿವೆ. ಕೆಲವು ರಾಸಾಯನಿಕಗಳು ಆ ಕಿಣ್ವಗಳ ಜೀನ್‌ಗಳನ್ನು ಕೆರಳಿಸುತ್ತವೆ. ಆಗ ಕಿಣ್ವ ಹೆಚ್ಚಾಗಿ, ನಿದ್ದೆಯ ಮದ್ದು ಕೂಡ ಬೇಗ ಕರಗಿ ಇಲಿ ಬೇಗ ಏಳುತ್ತದೆ. ಇದನ್ನು ಅಳೆಯಲು ಹಳೆಯ ವಿಧಾನವೊಂದಿದೆ. ನಿದ್ದೆಯ ಚುಚ್ಚುಮದ್ದು ಕೊಟ್ಟು ಇಲಿಯನ್ನು ಅಂಗಾತ ಮಲಗಿಸುವುದು, ಅದು ಮಗುಚಿ ಕಾಲ ಮೇಲೆ ನಿಲ್ಲುವವರೆಗೆ ಗಡಿಯಾರ ನೋಡುವುದು. ನೋಡುವವರು ಪುಟ್ಟಮಾದಮ್ಮ. ಬೇರೆ ರಾಸಾಯನಿಕ ಸೋಕದ ಇಲಿ ಎಂಬತ್ತು ನಿಮಿಷದ ಆಸುಪಾಸು ಮಲಗುತ್ತದೆಂಬುದು ಮೊದಲ ಹತ್ತು ವರ್ಷದಲ್ಲೇ ಅವರಿಗೆ ಬಾಯಿಪಾಠವಾಗಿತ್ತು.

೨೦೦೦ದ ಮಳೆಗಾಲದಲ್ಲಿ ಗಿರಣಿಯಿಂದ ಬಂದ ಹೊಟ್ಟು ಬೂಷ್ಟು ಹಿಡಿದಿತ್ತು. ಹೂಟಗಳ್ಳಿಯಲ್ಲಿ ಯಂತ್ರಗಳಿಗೆ ಮರದ ಪೆಟ್ಟಿಗೆ ಹೊಡೆಯುವ ತಮ್ಮ ಚೆಲುವರಾಜು, ಪೈನ್ ಮರ ಹೆರೆದ ಸುರುಳಿಗಳನ್ನು ನಾಲ್ಕು ಮೂಟೆ ತುಂಬಿಕೊಟ್ಟ. ಮೆತ್ತಗಿತ್ತು, ಘಮ್ಮೆನ್ನುತ್ತಿತ್ತು. ಯಾರನ್ನೂ ಕೇಳದೆ ಪುಟ್ಟಮಾದಮ್ಮ ಅದನ್ನೇ ಹಾಸಿದರು.

ಆಗ ಹೇಮಶ್ರೀ ಎಂಬ ಸಂಶೋಧನಾ ವಿದ್ಯಾರ್ಥಿನಿ ತರಕಾರಿಗೆ ಹೊಡೆಯುವ ಕೀಟನಾಶಕವೊಂದು ಈ ಜೀನ್‌ಗಳನ್ನು ಕೆರಳಿಸುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು. ಕೀಟನಾಶಕ ತಿಂದ ಇಲಿಗೂ ತಿನ್ನದ ಇಲಿಗೂ ವ್ಯತ್ಯಾಸ ಕಾಣಲಿಲ್ಲ. 'ಪರಿಣಾಮವಿಲ್ಲ' ಎಂದು ವರದಿ ಬರೆಯಲು ಕೂತರು. ಪುಟ್ಟಮಾದಮ್ಮನಿಗೆ ಮಾತ್ರ ಗಡಿಯಾರ ಬೇರೆಯದನ್ನೇ ಹೇಳಿತ್ತು: ಕೀಟನಾಶಕ ತಿನ್ನದ ಇಲಿಗಳೂ ಐವತ್ತು ನಿಮಿಷಕ್ಕೇ ಏಳುತ್ತಿದ್ದವು, ಅದೂ ಹಾಸು ಬದಲಾದ ಮೇಲೆ.

ಅವರ ನೌಕರಿ ಕಾಯಂ ಮಾಡುವ ಕಡತ ಅದೇ ತಿಂಗಳು ಕಚೇರಿಯ ಮೇಜಿನ ಮೇಲಿತ್ತು. "ಸುಮ್ನಿರಕ್ಕ, ಇಲಿ ಬಂದು ಸಾಕ್ಷಿ ಹೇಳ್ತದಾ?" ಎಂದ ಚೆಲುವರಾಜು. ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಹೇಮಶ್ರೀಯ ಮಾರ್ಗದರ್ಶಕ ಸಿದ್ದಲಿಂಗಸ್ವಾಮಿಯವರ ಕೊಠಡಿಗೆ ಹೋಗಿ, ಸುರುಳಿಯ ಒಂದು ಹಿಡಿಯನ್ನು ಮೇಜಿನ ಮೇಲಿಟ್ಟು, ಇದನ್ನು ಹಾಸಿದ ಮೇಲೆ ಇಲಿಗಳು ಬೇಗ ಏಳುತ್ತಿವೆ ಎಂದರು.

"ಯಾರನ್ನ ಕೇಳಿ ಹಾಕಿದ್ರಿ ಇದನ್ನ?"

"ಯಾರ್ನೂ ಕೇಳ್ಲಿಲ್ಲ ಸಾರ್. ತಪ್ಪು ನಂದೇ. ಆದ್ರೆ ಆ ಹುಡುಗಿ ಬರೆಯೋದು ತಪ್ಪಾಗ್ಬಾರ್ದು."

ಹನ್ನೆರಡು ಇಲಿಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಹೊಟ್ಟು, ಇನ್ನೊಂದಕ್ಕೆ ಪೈನ್ ಸುರುಳಿ ಹಾಸಿ, ಕೀಟನಾಶಕ ಕೊಡದೆ ಪರೀಕ್ಷಿಸಿದರು. ಎರಡು ವಾರದ ನಂತರ ಹೊಟ್ಟಿನ ಮೇಲಿದ್ದವು ಸರಾಸರಿ ಎಂಬತ್ತೆರಡು ನಿಮಿಷ ಮಲಗಿದವು. ಪೈನ್ ಸುರುಳಿಯ ಮೇಲಿದ್ದವು ಐವತ್ತೊಂದು. ಯಕೃತ್ತನ್ನು ಪರೀಕ್ಷಿಸಿದಾಗ ಜೀನ್‌ಗಳೂ ಅದನ್ನೇ ಹೇಳಿದವು. ಪೈನ್ ಮರದ ಆ ಘಮವೇ ಅವನ್ನು ಕೆರಳಿಸಿತ್ತು.

ಹೇಮಶ್ರೀಯ ನಾಲ್ಕು ತಿಂಗಳ ಕೆಲಸ ಮಣ್ಣುಪಾಲಾಯಿತು. "ಒಂದು ವಾರ ಅವರ ಜೊತೆ ಮಾತೇ ಆಡ್ಲಿಲ್ಲ ನಾನು" ಎಂದು ಈಗ ಅಧ್ಯಾಪಕಿಯಾಗಿರುವ ಅವರು ಒಪ್ಪಿಕೊಳ್ಳುತ್ತಾರೆ. "ಎಂಟನೇ ದಿನ ನಾನೇ ಹೋಗಿ ಹೊಟ್ಟು ಜರಡಿ ಹಿಡಿದೆ." ಮರುಪ್ರಯೋಗದಲ್ಲಿ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು: ಆ ಕೀಟನಾಶಕ ಜೀನ್‌ಗಳನ್ನು ಕೆರಳಿಸುತ್ತಿತ್ತು.

ಪುಟ್ಟಮಾದಮ್ಮನಿಗೆ ಮೆಮೊ ಬಂತು. ಕಡತ ಎರಡು ವರ್ಷ ಹಿಂದೆ ಬಿತ್ತು. ಕಾಯಂ ಆದದ್ದು ೨೦೦೨ರಲ್ಲಿ. ಬೇಸರವಿಲ್ಲವೇ ಎಂದರೆ, "ಇತ್ತು. ಈಗಿಲ್ಲ. ಬಾಯಿ ಮುಚ್ಕೊಂಡಿದ್ರೆ ಇನ್ನೂ ಇರ್ತಿತ್ತು" ಎನ್ನುತ್ತಾರೆ.

ಈಗ ಅವರಿಗೆ ನಲವತ್ತೆಂಟು. ಹೊಸ ವಿದ್ಯಾರ್ಥಿ ಯಾರೇ ಬಂದರೂ ಮೊದಲ ವಾರ ಏನೂ ಕೊಡದ ಇಲಿಗಳ ಪಕ್ಕ ಕೂತು ಗಡಿಯಾರ ನೋಡಬೇಕೆಂಬುದು ಅವರೇ ಮಾಡಿದ ಕಟ್ಟಳೆ. "ಮದ್ದು ಕೊಟ್ಟ ಇಲೀನ ಎಲ್ರೂ ನೋಡ್ತಾರೆ. ಕೊಡ್ದೆ ಇರೋದ್ರ ಗುಣ ಗೊತ್ತಿಲ್ದೆ ಏನ್ ತಾನೆ ಹೇಳ್ತೀರ?"

ದೊಡ್ಡ ಓದು ಓದಿದವರು ಈ ಮಾತಿಗೆ ಒಪ್ಪಿ ಕೂರುತ್ತಾರೆಯೇ?

"ಕೂರ್ದೆ ಏನ್ಮಾಡ್ತಾರೆ?" ಪುಟ್ಟಮಾದಮ್ಮ ಸೆರಗಿನ ಗಂಟು ಮುಟ್ಟಿ ತೋರಿಸುತ್ತಾರೆ. "ಬೀಗದ ಕೈ ನನ್ ಹತ್ರ ಅಲ್ವಾ!"