ಎರಡು ಚುಕ್ಕಿಯ ನೊಣ

ಬಾಗಲಕೋಟೆಗೆ ಬಂದ ಮೊದಲ ವಾರ, ಕೆರೂರಿನ ಸಂತೆಯಲ್ಲಿ ಒಂದು ಬುಟ್ಟಿಯ ಮುಂದೆ ನಿಂತು "ಸೀಬೆಕಾಯಿ ಹೇಗಮ್ಮಾ?" ಎಂದು ಕೇಳಿದೆ.

"ಸೀಗೀಕಾಯಿ ಕಿರಾಣಿ ಅಂಗಡ್ಯಾಗ ಸಿಗ್ತಾವ್ರಿ ಯವ್ವಾ. ಇವು ಪ್ಯಾರಲ ಹಣ್ಣು."

ಸೀಬೆ ನನ್ನ ಕೈಯಲ್ಲೇ ಇತ್ತು. ಅರವತ್ತು ವರ್ಷ ಕನ್ನಡ ಮಾತಾಡಿದವಳಿಗೆ ಕನ್ನಡನಾಡಿನಲ್ಲೇ ಒಂದು ಹಣ್ಣಿನ ಹೆಸರು ಗೊತ್ತಿಲ್ಲ!

ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಬಯಾಲಜಿ ಟೀಚರ್ ಆಗಿ ರಿಟೈರಾದವಳು ನಾನು. ಇಂಜಿನಿಯರ್ ತಮ್ಮನಿಗೆ ಇಲ್ಲಿಗೆ ಟ್ರಾನ್ಸ್‌ಫರ್ ಆದಾಗ ಜೊತೆಗೆ ಬಂದೆ. ಮೈಸೂರಿನಲ್ಲಿ ನಮ್ಮ ಮನೆಗೆ ಗುರುತು ಹೇಳಲು ಒಂದು ಸಂಪಿಗೆ ಮರವಿತ್ತು. ಇಲ್ಲಿ ನಾವಿದ್ದ ನವನಗರದಲ್ಲಿ ಸೆಕ್ಟರ್ ನಂಬರ್ ಹೇಳಬೇಕು. ಸುತ್ತಲಿನವರೆಲ್ಲ ಹಳೆಯ ಊರು ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ಬಂದವರು. ನನ್ನಂತೆಯೇ ಹೊಸಬರು, ಸ್ನೇಹ ಸುಲಭ ಎಂದುಕೊಂಡಿದ್ದೆ. ಅವರೋ ಓಣಿಗೆ ಓಣಿಯನ್ನೇ ಹೊತ್ತು ತಂದಿದ್ದರು. "ಮುಳುಗಡಿ ಮನ್ಯಾಗ ನಮ್ಮ ಬಾಜೂಕ ಇದ್ದಾಕಿ ಈಕಿ" ಎಂದು ಒಬ್ಬಳು ಇನ್ನೊಬ್ಬಳ ಹೆಗಲ ಮೇಲೆ ಕೈ ಹಾಕುವಳು. ನನಗೆ ಮುಳುಗಿದ ಮನೆಯೂ ಇರಲಿಲ್ಲ. ಅದಕ್ಕೂ ಹೊಟ್ಟೆಕಿಚ್ಚುಪಟ್ಟೆ ಎಂದರೆ ನಗಬೇಡಿ.

ನನ್ನನ್ನು ಕಾಪಾಡಿದ್ದು ನೊಣಗಳು. ತಮ್ಮನ ಪರಿಚಯದ ಸಂಶೋಧಕರೊಬ್ಬರು ಹಣ್ಣುನೊಣಗಳ ಸರ್ವೆ ಮಾಡುತ್ತಿದ್ದರು. ಬಾದಾಮಿ, ಐಹೊಳೆ, ಹುನಗುಂದದ ತೋಟಗಳಲ್ಲಿ ನೊಣ ಹಿಡಿಯಲು ಕಟ್ಟಿದ ಬಾಟಲಿಗಳಿಂದ ಬರುವ ನೊಣಗಳನ್ನು ಜಾತಿವಾರು ಬೇರ್ಪಡಿಸಲು ಕಣ್ಣುಳ್ಳವರು ಬೇಕಿತ್ತು. ಸರ್ ನನಗೊಂದು ಮೇಜು, ಮೈಕ್ರೋಸ್ಕೋಪು ಕೊಟ್ಟರು. ಮುಖದ ಮೇಲೆ ಎರಡು ದುಂಡು ಚುಕ್ಕಿಯಿದ್ದರೆ ಒಂದು ಜಾತಿ. ಚುಕ್ಕಿಗಳು ಅಡ್ಡಗೆರೆಯಾಗಿದ್ದರೆ ಅದರ ಹತ್ತಿರದ ಸಂಬಂಧಿ. ಸೂಜಿಗೆ ಚುಚ್ಚಿದ ನೊಣದ ಕೆಳಗೆ ಜಾತಿಯ ಹೆಸರು, ಗುರುತಿಸಿದವಳೆಂದು ನನ್ನ ಹೆಸರು ಬರೆದ ಪುಟ್ಟ ಲೇಬಲ್. ಇಲ್ಲಿ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. "ಅಕ್ಕೋರ ಕಣ್ಣಂದ್ರ ಕಣ್ಣು" ಎನ್ನುತ್ತಿದ್ದರು ಸರ್. ಆ ಮೇಜೇ ನನಗೆ ಊರಾಯಿತು.

ಎರಡು ವರ್ಷದ ಮೇಲೆ ಮಹಾದೇವಿ ಬಂದಳು. ಇಳಕಲ್ಲಿನ ನೇಕಾರರ ಮಗಳು, ಎಮ್ಮೆಸ್ಸಿ. ನೊಣದ ಒಂದು ಕಾಲು ಕಿತ್ತು ಸ್ಪಿರಿಟ್ಟಿನ ಕೊಳವೆಗೆ ಹಾಕಿ ಬೆಂಗಳೂರಿನ ಲ್ಯಾಬಿಗೆ ಒಯ್ಯುವಳು. ಡಿಎನ್‌ಎ ಓದಿಸಿ ಜಾತಿಯ ಹೆಸರು ತರುವಳು. ರೆಕ್ಕೆ ಬೇಡ, ಮುಖ ಬೇಡ. ಪೇರಲ ಹಣ್ಣಿನೊಳಗಿನ ಹುಳವನ್ನು ನೋಡಿ ಇದು ಮುಂದೆ ಯಾವ ನೊಣವಾದೀತೆಂದು ನಾನು ಹೇಳಲಾರೆ, ಅವಳು ಹೇಳುವಳು! ಮೇಲಾಗಿ ತೋಟಕ್ಕೆ ಹೋದರೆ "ಯಾರ ಮಗಳವ್ವಾ ನೀ? ಬಾ, ಕುಂಡ್ರು" ಎಂದು ಅವಳಿಗೆ ರೊಟ್ಟಿ, ಪುಂಡಿಪಲ್ಲೆ. ನನಗೆ ಖುರ್ಚಿ, ಟೀ.

ಪ್ಲೇನ್ ಜೆಲಸಿ, ಬೇರೆ ಹೆಸರು ಬೇಡ. ಒಂದು ಮಧ್ಯಾಹ್ನ ಎರಡು ದುಂಡು ಚುಕ್ಕಿಯ ನೊಣವೊಂದಕ್ಕೆ, ಗೊತ್ತಿದ್ದೂ, ಅಡ್ಡಗೆರೆಯ ಜಾತಿಯ ಲೇಬಲ್ ಚುಚ್ಚಿದೆ. ನನ್ನ ಲೇಬಲ್ಲಿಗೂ ಅವಳ ಡಿಎನ್‌ಎಗೂ ತಾಳೆಯಾಗದಿದ್ದರೆ ಸರ್ ಯಾರನ್ನು ನಂಬುತ್ತಾರೆ, ನೋಡೋಣ ಎಂದು.

ನನ್ನನ್ನೇ ನಂಬಿದರು.

"ಏನವಾ ಮಹಾದೇವಿ, ಕೊಳವಿ ಅದಲಬದಲಿ ಮಾಡೀಯಲ್ಲ? ಅಕ್ಕೋರ ಕಣ್ಣು ತಪ್ಪೂದಿಲ್ಲ. ಇನ್ನ ಬೆಂಗಳೂರಿಗೆ ಬ್ಯಾರೇದವರನ್ನ ಕಳಸ್ತೇನಿ."

ಅವಳು ಆ ನೊಣವನ್ನು ತಂದು ನನ್ನ ಮೈಕ್ರೋಸ್ಕೋಪಿನಡಿ ಇಟ್ಟಳು. "ಅಕ್ಕೋರ, ನೀವ ಒಮ್ಮೆ ನೋಡ್ರಿ. ನನಗ ಎರಡು ಚುಕ್ಕಿ ಕಾಣಸ್ತಾವು. ನಂದ ತಪ್ಪಂದ್ರ ನಾ ಒಪ್ಕೋತೇನಿ."

ಸರ್ ಪಕ್ಕದಲ್ಲೇ ನಿಂತಿದ್ದರು. ನೋಡಿದೆ. ಎರಡು ಕಪ್ಪು ಚುಕ್ಕಿ, ಇಟ್ಟ ಬೊಟ್ಟಿನ ಹಾಗೆ.

"ಚುಕ್ಕಿಯೇ ಸರ್. ನನ್ನ ಕಣ್ಣು ಮಂಜಾಗಿದೆ, ವಯಸ್ಸಾಯಿತು" ಎಂದೆ.

ನಿಜ ಹೇಳುವುದಕ್ಕಿಂತ ಕಣ್ಣು ಕಳೆದುಕೊಳ್ಳುವುದು ಸುಲಭವೆನಿಸಿತು. ಸರ್ ಬಹಳ ಮರ್ಯಾದೆಯಿಂದ, "ಸಾಕ್ರಿ ಅಕ್ಕೋರ, ಇನ್ನ ಆರಾಮ ತಗೋರಿ" ಎಂದರು. ಬೆಂಗಳೂರೂ ನನ್ನ ಮೇಜೂ ಮಹಾದೇವಿಯ ಪಾಲಿಗೆ ಬಂದವು.

ಸರ್ ಹೊರಹೋದ ಮೇಲೆ ಅವಳು ನನ್ನ ಕೈಚೀಲ ಎತ್ತಿ ಕೊಡುತ್ತಾ ಮೆಲ್ಲಗೆ ಅಂದಳು: "ನಿಮ್ಮ ಕಣ್ಣಿಗೆ ಏನೂ ಆಗಿಲ್ರಿ."

ಮುಖವೆತ್ತಿ ನೋಡಲಾಗಲಿಲ್ಲ. "ಆ ಲೇಬಲ್ ಕಿತ್ತು ಬಿಸಾಕಮ್ಮಾ" ಎಂದೆ.

"ಹೆಂಗ್ ಕೀಳ್ಲಿರಿ? ಹಳೇ ಲೇಬಲ್ ತಗೀಬಾರ್ದು, ಹೊಸಾದನ್ನ ಅದರ ತೆಳಗ ಚುಚ್ಚಬೇಕಂತ ನೀವ ಕಲಿಸಿದ್ದಲ್ರಿ?" ನಕ್ಕುಬಿಟ್ಟಳು. ಆ ನಗುವಿನಲ್ಲಿ ಚುಚ್ಚು ಇತ್ತೋ ಇಲ್ಲವೋ, ಇಂದಿಗೂ ನನಗೆ ಗೊತ್ತಾಗಿಲ್ಲ.

ತಮ್ಮನಿಗೆ ಮತ್ತೆ ಮೈಸೂರಿಗೆ ಆರ್ಡರ್ ಬಂದಿದೆ. ಪ್ಯಾಕಿಂಗ್ ನಡೆದಿದೆ, ಪೂರ್ತಿ ಖುಷಿಯಾಗುತ್ತಿಲ್ಲ, ಇಲ್ಲೇ ಇರುತ್ತೇನೆ ಎನ್ನಲು ಮುಖವೂ ಇಲ್ಲ. ಅಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಸರಿಯಾದದ್ದನ್ನೇ ಹೇಳಿಕೊಟ್ಟೆ. ನನ್ನ ಹೆಸರು ಬರೆದ ಒಂದು ಚೂರು ಕಾಗದವೂ ಉಳಿದಂತಿಲ್ಲ. ಇಲ್ಲಿ, ಒಂದು ಪೆಟ್ಟಿಗೆಯಲ್ಲಿ, ಎರಡು ಚುಕ್ಕಿಯ ಒಂದು ನೊಣದಡಿ, ಅದು ಸಿಕ್ಕ ಐಹೊಳೆಯ ಹೆಸರಿನ ಕೆಳಗೆ, ನನ್ನ ಸುಳ್ಳು ನನ್ನದೇ ಕಾನ್ವೆಂಟ್ ಅಕ್ಷರದಲ್ಲಿದೆ. ಅದರ ಕೆಳಗೆ ಅವಳ ಅಕ್ಷರ. ನನ್ನದಕ್ಕಿಂತ ದುಂಡಗಿದೆ.