ಎಲೆಗೊಂದು ಏಟು

ನನ್ನ ಯಜಮಾನರಿಗೆ ಮಕ್ಕಳಿಗಿಂತ ಗಿಡಗಳ ಮೇಲೇ ಪ್ರಾಣ. ಹಾಗೆಂದು ಎದುರಿಗೆ ಹೇಳಿದರೆ ಎರಡು ದಿನ ಮಾತು ಬಿಡುತ್ತಾರೆ. ಬಿಡಲಿ, ಮನೆ ತಣ್ಣಗಿರುತ್ತದೆ. ಮನೆಯ ಮುಂದಿನ ಎರಡು ಕೋಣೆಗಳಲ್ಲೇ ನಮ್ಮ ಶಿಶುವಿಹಾರ. ಕೂಸುಗಳನ್ನು ಮಲಗಿಸುವುದು ನನ್ನ ಪಾಲು, ನಾಲ್ಕೈದು ವರ್ಷದವರು ಅವರ ಪಾಲು. ಹಿತ್ತಿಲಿನಲ್ಲಿ ಆ ಮಕ್ಕಳ ಕೈಯಿಂದಲೇ ಬೀಜ ಹಾಕಿಸಿ, ಎರೆಹುಳ ಕಂಡರೆ ದಾಟಿ ಹೋಗಲು ಕಲಿಸಿದ್ದರು. ಊರಿಗೆಲ್ಲ 'ಗಿಡದ ಮೇಷ್ಟ್ರು'.

ಒಂದು ಮಗುವಿನ ಮೇಲೂ ಅವರು ಕೈ ಎತ್ತಿದವರಲ್ಲ. ಅದೇ ಅವರ ಜಂಬ. ಬದಲಿಗೆ ಒಂದು ಪದ್ಧತಿ ಮಾಡಿಟ್ಟಿದ್ದರು: ಯಾರಾದರೂ ಎಲೆ ಕಿತ್ತರೆ, ಉಳಿದ ಮಕ್ಕಳು ಸಾಲಾಗಿ ಬಂದು ಎಲೆಗೊಂದರಂತೆ ಕಿತ್ತವರ ಕೆನ್ನೆಗೆ ಏಟು ಕೊಡಬೇಕು. ಎಲೆಗೆ ಕೈಯಿಲ್ಲವಲ್ಲ, ಅದರ ಪರವಾಗಿ.

"ರೀ, ಇದೆಂಥ ಪಾಠ? ಹೊಡೆಯೋದನ್ನ ಕಲಿಸ್ತಿದ್ದೀರಲ್ಲ!" ಎಂದು ಎಷ್ಟು ಬಡಕೊಂಡೆನೋ.

"ನೋವು ಗೊತ್ತಾಗ್ಬೇಕು ಕಣೇ. ಸುಮ್ನಿರು."

ಎಲೆ ಕೀಳುವವರೇ ಇಲ್ಲವಾದರು, ಅದು ನಿಜ. ನೋಡಲು ಬಂದ ತಾಯಂದಿರು ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಮಗಳು ತೀರಿಕೊಂಡು, ಅಳಿಯ ಬೇರೆ ಮದುವೆಯಾದ ಮೇಲೆ ಮೊಮ್ಮಗಳು ನಮ್ಮಲ್ಲಿಗೆ ಬಂದಳು. ನಾಲ್ಕು ವರ್ಷ. ಮುಟ್ಟಿದರೆ ಅಳು, ಮುಟ್ಟದಿದ್ದರೆ ಅಳು. ತಾತನೇ ಅವಳಿಗೆ 'ಪಿಟೀಲು' ಎಂದು ಹೆಸರಿಟ್ಟರು. ಬಂದ ವಾರದಲ್ಲೇ ಅವರಿಗೆ ಅಂಟಿಕೊಂಡಳು. ಅವರ ತೊಡೆ ಬಿಟ್ಟು ಬೇರೆಲ್ಲೂ ಊಟ ಮಾಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರು ಗೊಬ್ಬರದ ಮೂಟೆ ತರಲು ಹೋಗಿದ್ದರು. ಬೇರು ಎಷ್ಟುದ್ದ ಬಂದಿದೆ ಎಂದು ನೋಡಲು ಪಿಟೀಲು ಒಂದು ಮಡಿಯ ಸಸಿಗಳನ್ನೆಲ್ಲ ಕಿತ್ತು ಮಲಗಿಸಿದ್ದಳು. ಅದು ನನಗೆ ತಿಳಿದದ್ದು ಆಮೇಲೆ. ಒಳಗೆ ಕೇಳಿಸಿದ್ದು ಅವಳ ಅಳು, ಜೊತೆಗೆ ಮಕ್ಕಳ ರಾಗ: "ಒಂದು, ಎರಡು, ಮೂರು..." ಆ ಮಕ್ಕಳಿಗೆ ಬರುತ್ತಿದ್ದುದೇ ಹತ್ತರವರೆಗೆ. ಹತ್ತಾಯಿತೋ, ಮತ್ತೆ ಒಂದು. ಮಕ್ಕಳು ತಾವೇ ಎಣಿಕೆ ಪಾಠ ಒಪ್ಪಿಸುತ್ತಿವೆ, ಇವಳು ತನ್ನ ಪಾಡಿಗೆ ಕುಯ್ಯುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಅಳು ನಿಂತಿತು. ಎಣಿಕೆ ನಿಲ್ಲಲಿಲ್ಲ.

ಓಡಿದೆ. ಇಬ್ಬರು ಅವಳ ತೋಳು ಹಿಡಿದು ಗೋಡೆಗೆ ಒತ್ತಿದ್ದರು. ಮೂಗು, ಬಾಯಿ, ಎದೆಯೆಲ್ಲ ರಕ್ತ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಎದುರಿಗಿದ್ದ ಹುಡುಗಿ, ಹೊಡೆದು ಹೊಡೆದು ಕೈ ನೊಂದಿತ್ತೋ ಏನೋ, ನೀರು ಹಾಕುವ ತಗಡಿನ ಚೊಂಬು ಹಿಡಿದಿದ್ದಳು. "ಏಳು" ಎಂದು ಅವಳ ಕಿವಿಗೇ ಬೀಸಿದಳು. ಅಯ್ಯೋ, ಆ ಸದ್ದು! ಚೊಂಬು ಕಿತ್ತೆಸೆದೆ, ಸಿಕ್ಕಸಿಕ್ಕವರನ್ನು ದೂಡಿದೆ. ಒಬ್ಬ ಉರುಳಿಬಿದ್ದ. ಬೀಳಲಿ ಎಂದೇ ದೂಡಿದೆ.

ಅಷ್ಟರಲ್ಲಿ ಅವರು ಬಂದರು. ಮಕ್ಕಳು ಓಡಿಹೋಗಿ ಸುತ್ತುವರಿದವು.

"ಮೇಷ್ಟ್ರೇ, ಇನ್ನೂ ತುಂಬಾ ಎಲೆ ಬಾಕಿ ಇದೆ!"

ಶಹಭಾಸ್ ಎನ್ನಲಿ ಎಂದು ಮುಖ ಮೇಲೆತ್ತಿ ನಿಂತಿದ್ದವು.

ಜೀವ ಉಳಿಯಿತು, ಎಡಗಿವಿ ಹೋಯಿತು. ಆಸ್ಪತ್ರೆಯಿಂದ ಬಂದವಳು ತಾತನ ಹತ್ತಿರ ಸುಳಿಯಲಿಲ್ಲ. ಅವರು ತಟ್ಟೆ ಹಿಡಿದು ಕರೆದರೆ ನನ್ನ ಸೆರಗಿನೊಳಗೆ ಸೇರಿಕೊಳ್ಳುತ್ತಿದ್ದಳು. ಅವರು ಆ ತಟ್ಟೆಯ ಮುಂದೆಯೇ ಕೂತು ಅಳುತ್ತಿದ್ದರು. ನನಗೆ ಕನಿಕರವೂ ಬರುತ್ತಿತ್ತು, ಅದೇ ತಟ್ಟೆಯಿಂದ ಬಡಿಯಬೇಕೆಂದೂ ಅನಿಸುತ್ತಿತ್ತು.

ಹೆಚ್ಚಿನ ಮಕ್ಕಳು ಬಿಟ್ಟುಹೋದರು. ಉಳಿದ ನಾಲ್ಕೈದು ಮಕ್ಕಳಲ್ಲಿ ಒಬ್ಬ, ಮೊನ್ನೆ ಆಡುತ್ತಾ ಗಿಡಕ್ಕೆ ತಾಗಿದ. ಎಲೆ ಉದುರಿತು. ಯಾರೂ ಹೇಳದೆಯೇ ಉಳಿದವರು ಸಾಲು ನಿಂತರು. ಯಜಮಾನರು ಓಡಿಬಂದು ನಡುವೆ ಮಂಡಿಯೂರಿದರು.

"ಬೇಡ ಕಂದಾ, ಬೇಡ. ಕಲಿಸಿದ್ದು ನಾನು. ನಂಗೆ ಹೊಡೀರಿ."

ಮಕ್ಕಳು ಪಿಳಿಪಿಳಿ ನೋಡಿದವು. ಪಿಟೀಲು ನನ್ನ ಸೆರಗು ಬಿಟ್ಟು ಹೋದಳು. ತಾತನನ್ನು ದಾಟಿಕೊಂಡು ಆ ಹುಡುಗನ ಮುಂದೆ ನಿಂತು, ಶಕ್ತಿಯೆಲ್ಲ ಕೂಡಿಸಿ ಅವನ ಕೆನ್ನೆಗೆ ಬಾರಿಸಿದಳು. ಅವನ ತುಟಿ ಒಡೆಯಿತು.

ಆಮೇಲೆ ತಾತನ ಕಡೆ ತಿರುಗಿದಳು.

"ಸರಿಯಾಗಿ ಹೊಡೆದ್ನಾ ತಾತಾ?"

ಎತ್ತಿಕೋ ಎಂದು ಎರಡೂ ಕೈ ಚಾಚಿದಳು. ಇಷ್ಟು ದಿನ ಕಾದಿದ್ದವರಿಗೆ ಕೈ ಏಳಲಿಲ್ಲ.