ಸಿಡಿಲಿಗೆ ಸಾಕ್ಷಿ ಕೇಳಿದವನು

ಅವನನ್ನು ಎಲ್ಲರೂ ಟೆಸ್ಟರ್ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಇದ್ದಿರಬೇಕು, ಹುಡುಕಿದವರಿಲ್ಲ. ಬೇರೆಯವರು ಸರ ಹಾಕಿಕೊಳ್ಳುವ ಕೊರಳಿಗೆ ಅವನು ಟೆಸ್ಟ್ ಲ್ಯಾಂಪ್ ನೇತುಹಾಕಿಕೊಂಡಿರುತ್ತಿದ್ದ. ಒಂದು ತುದಿಯಲ್ಲಿ ಸೂಜಿ, ಇನ್ನೊಂದು ತುದಿಯಲ್ಲಿ ಕ್ಲಿಪ್ಪು, ನಡುವೆ ಪುಟ್ಟದೊಂದು ಬಲ್ಬು. ಸೂಜಿಯಿಂದ ತಂತಿಯನ್ನು ಚುಚ್ಚುತ್ತಿದ್ದ, ನಾಲಿಗೆಯಿಂದ ಗಾಡಿಯವನನ್ನು. ಎರಡೂ ಕಡೆ ಕರೆಂಟು ಇದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತಿತ್ತು.

ಪೆಟ್ರೋಲ್ ಬಂಕಿಗೂ ಪಂಕ್ಚರ್ ಅಂಗಡಿಗೂ ನಡುವೆ, ಎರಡು ಗಾಡಿ ಕಷ್ಟಪಟ್ಟು ನಿಲ್ಲುವಷ್ಟು ಜಾಗ ಅವನದು. ಬಲಗಡೆ ಗೋಡೆಗೆ ಒಂದು ಹಲಗೆ. ಅದರ ತುಂಬ ಮೊಳೆ, ಮೊಳೆಗೊಂದು ಸತ್ತ ಸಾಮಾನು: ಸುಟ್ಟ ರಿಲೇ, ಕರಗಿದ ಫ್ಯೂಸ್ ಬಾಕ್ಸ್, ಕರಕಲಾದ ಹಾರ್ನು. ಪ್ರತಿಯೊಂದಕ್ಕೂ ಒಂದು ಚೀಟಿ. ಚೀಟಿಯಲ್ಲಿ ಗಾಡಿಯ ನಂಬರು ಮತ್ತು ಸಾವಿನ ಕಾರಣ. ‘ಇಂಜಿನ್ನಿಗೆ ಪೈಪ್ ಹಿಡಿದು ಸ್ನಾನ ಮಾಡಿಸಿದ.’ ‘ಫ್ಯೂಸ್ ಬದಲು ಸಿಗರೇಟಿನ ಬೇಗಡೆ ಸುತ್ತಿದ ಜಾಣ.’ ಊರಿನ ಗೌರವಸ್ಥರೆಲ್ಲ ಆ ಹಲಗೆಯ ಮೇಲೆ ನಂಬರಿನ ರೂಪದಲ್ಲಿ ನೇತಾಡುತ್ತಿದ್ದರು.

ಅವನ ಅಂಗಡಿಯಲ್ಲಿ ಒಂದೇ ಕಾನೂನು. ಗಾಡಿ ತಂದವನು ಬಾಯಿ ತೆರೆಯುವಂತಿಲ್ಲ. ಹಳೇ ಬಸ್ಸಿನಿಂದ ಕಿತ್ತ ಸೀಟೊಂದನ್ನು ಗೋಡೆಗೆ ಒರಗಿಸಿಟ್ಟಿದ್ದ. ಅದರ ಮೇಲೆ ಕೂತು ಸುಮ್ಮನೆ ನೋಡುತ್ತಿರಬೇಕು, ಅಷ್ಟೆ.

“ನೀವು ಹೇಳೋದು ಕೇಳ್ತಾ ಕೂತ್ರೆ ನಾನು ನಿಮ್ಮ ಕಥೆ ರಿಪೇರಿ ಮಾಡ್ತೀನಿ, ಗಾಡಿ ಹಾಗೇ ಇರುತ್ತೆ” ಎನ್ನುತ್ತಿದ್ದ.

ಒಮ್ಮೆ ಒಬ್ಬ ಡಾಕ್ಟರು, “ನಾವೂ ರೋಗಿ ಮಾತು ಕೇಳ್ತೀವಪ್ಪ” ಅಂದರು.

“ಅದಕ್ಕೇ ಅಲ್ವಾ ಸಾರ್, ನಿಮ್ಮ ಗಿರಾಕಿಗಳು ಪದೇಪದೇ ಬರೋದು.”

ಡಾಕ್ಟರು ಬಸ್ ಸೀಟಿನ ಮೇಲೆ ಕೂತರು. ಕಾನೂನು ಹತ್ತಕ್ಕೆ ಒಂಬತ್ತು ಸಲ ಸರಿಯಾಗಿಯೇ ಇತ್ತು ಎಂಬುದನ್ನೂ ಹೇಳಬೇಕು. ಗಾಡಿ ಕೆಡಿಸಿಕೊಂಡವರು ಸುಳ್ಳು ಹೇಳುತ್ತಾರೆ. ತಂತಿಗಳಿಗೆ ಆ ಚಾಕಚಕ್ಯತೆ ಇಲ್ಲ.

ಟೆಸ್ಟರ್‌ಗೆ ಒಬ್ಬ ತಮ್ಮ. ಟ್ರಾವೆಲ್ಸ್ ಯಜಮಾನನೊಬ್ಬನ ಬಳಿ ಹನ್ನೊಂದು ವರ್ಷದಿಂದ ವ್ಯಾನ್ ಓಡಿಸುತ್ತಿದ್ದ. ಅಣ್ಣ ಬಯ್ದು ಬದುಕಿದರೆ ತಮ್ಮ ಬಯ್ಯಿಸಿಕೊಂಡು ಬದುಕುವ ಜಾತಿ. ಅವನಿಗಿದ್ದ ಒಂದೇ ಹೆಮ್ಮೆ ಆ ವ್ಯಾನು. ತನ್ನ ಮುಖ ಒರೆಸುವ ಟವೆಲ್ಲಿನಲ್ಲೇ ಅದರ ಗಾಜು ಒರೆಸುತ್ತಿದ್ದ. ಮಂಜು ಮುಸುಕಿದ ದಾರಿಗೆಂದು ಮುಂದೆ ಎರಡು ಲ್ಯಾಂಪನ್ನೂ ತಾನೇ ಕೂರಿಸಿದ್ದ. ಬ್ಯಾಟರಿಯಿಂದ ನೇರ ತಂತಿ ಎಳೆದಿದ್ದ, ನಡುವೆ ಫ್ಯೂಸ್ ಇಲ್ಲ. ಅಣ್ಣನ ಹತ್ತಿರ ಹೋಗಿದ್ದರೆ ಆ ಕೆಲಸ ಹತ್ತು ನಿಮಿಷದ್ದು. ಆದರೆ ಅಣ್ಣ ಲ್ಯಾಂಪಿಗೆ ಮೊದಲು ತನ್ನ ಮುಖಕ್ಕೆ ಬೆಳಕು ಬಿಡುತ್ತಾನೆ ಎಂದು ಹೋಗಲಿಲ್ಲ. ಅಣ್ಣನ ಬಾಯಿಗೆ ಹೆದರಿ ಮಾಡಿದ ಕೆಲಸ ಅಣ್ಣನ ಕೈಗೇ ಸಿಗುತ್ತದೆ ಎಂದು ಅವನಿಗೆ ಹೊಳೆಯಲಿಲ್ಲ.

ಈಗ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ, ಮುಚ್ಚುಮರೆ ಏನಿಲ್ಲ. ಸಿಡಿಲು ಹೊಡೆದದ್ದು ನಿಜ.

ಮಧ್ಯಾಹ್ನ ಮೂರರ ಸುಮಾರು. ತಮ್ಮ ಪ್ರಯಾಣಿಕರನ್ನು ಸ್ಟೇಷನ್ನಿನಲ್ಲಿ ಇಳಿಸಿ ಖಾಲಿ ವ್ಯಾನ್ ತರುತ್ತಿದ್ದ. ಎರಡೂ ಕಡೆ ಬಯಲು, ಮರವಿಲ್ಲ, ಕಂಬವಿಲ್ಲ. ಸುತ್ತಮುತ್ತ ಎತ್ತರದ ವಸ್ತು ಎಂದರೆ ವ್ಯಾನಿನ ತಲೆಯ ಮೇಲಿದ್ದ ಲಗೇಜು ಕ್ಯಾರಿಯರ್. ಸಿಡಿಲು ಅದಕ್ಕೆ ಇಳಿಯಿತು. ಕಬ್ಬಿಣದ ಮೈಯಲ್ಲಿ ಹರಿದು, ಮುಂದಿನ ಎಡಚಕ್ರದಿಂದ ಒದ್ದೆ ರಸ್ತೆಗೆ ಹಾರಿತು. ಟೈರು ಒಡೆಯಿತು. ತಮ್ಮ ಕಂಡದ್ದು ಬರೀ ಬಿಳುಪು. ಕೂದಲೂ ಕೊಂಕಲಿಲ್ಲ, ಇಂಜಿನ್ ಮಾತ್ರ ಸತ್ತುಹೋಗಿತ್ತು. ಕಿವಿ ಗುಂಯ್ಗುಡುತ್ತಿದ್ದರೂ ಶಿಸ್ತಿನ ಮನುಷ್ಯ, ಇಳಿದು ಸ್ಟೆಪ್ನಿ ಹಾಕಿ, ಆಮೇಲೆ ಯಜಮಾನನಿಗೆ ಫೋನ್ ಮಾಡಿದ. ಯಜಮಾನ ಲಾರಿ ಕಳಿಸಿದ. ಲಾರಿಯ ಮೇಲೆ ವ್ಯಾನ್ ಏರಿಸಿದರೆ ದಾರಿಯಲ್ಲಿನ ತಗ್ಗು ಸೇತುವೆಗೆ ತಾಗುತ್ತದೆಂದು ಕ್ಯಾರಿಯರ್ ಬಿಚ್ಚಿದರು. ಕ್ಯಾರಿಯರೂ ಒಡೆದ ಟೈರೂ ಯಜಮಾನನ ಶೆಡ್ಡು ಸೇರಿದವು. ನುಣ್ಣನೆ ತಲೆ, ನಾಲ್ಕು ಒಳ್ಳೆಯ ಟೈರು, ಹೀಗೆ ಮದುವಣಗಿತ್ತಿಯಂತೆ ವ್ಯಾನ್ ಟೆಸ್ಟರ್ ಅಂಗಡಿಗೆ ಬಂತು. ತಮ್ಮನ ಕೆರಿಯರ್ ಆ ಹೊತ್ತಿಗೆ ಕ್ಯಾರಿಯರ್ ಜೊತೆ ಶೆಡ್ಡಿನಲ್ಲಿ ಬಿದ್ದಿತ್ತು.

ಅಲ್ಲಿಗೇ ಏಕೆ ಬಂತು ಎಂದರೆ, ಸಿಡಿಲಾದರೆ ವಿಮೆ ಸಿಗುತ್ತದೆ. ವಿಮೆಯ ಅಧಿಕಾರಿಗೆ ಟೆಸ್ಟರ್ ಬರೆದುಕೊಟ್ಟ ಚೀಟಿ ಎಂದರೆ ಮರುಮಾತಿಲ್ಲ. “ಸಿಡಿಲು ಅಂತಾದ್ರೆ ಸರಿ. ನೀನು ಏನಾದ್ರೂ ಕೈಯಾಡಿಸಿ ಕೆಡಿಸಿದ್ದು ಅಂತಾದ್ರೆ ನಾಳೆಯಿಂದ ಬರಬೇಡ” ಎಂದು ಯಜಮಾನ ಡ್ರೈವರ್‌ಗೆ ಫೋನಿನಲ್ಲೇ ಹೇಳಿದ್ದ.

ಮರುದಿನ ಬೆಳಿಗ್ಗೆ ಬಸ್ ಸೀಟಿನ ಮೇಲೆ ಯಜಮಾನ, ಅಧಿಕಾರಿ, ತಮ್ಮ, ಮೂವರೂ ಸಾಲಾಗಿ ಕೂತರು.

“ಅಣ್ಣಾ, ಸಿಡಿಲು ಹೊಡೀತಲ್ಲ, ಆಗ...”

“ಇಲ್ಲಿ ನಾನು ಯಾರಿಗೂ ಅಣ್ಣ ಅಲ್ಲ. ಕೂತ್ಕೋ.”

“ಅಲ್ಲ, ಮೇಲೆ ಕ್ಯಾರಿಯರ್ರು...”

“ಮೇಲಿರೋನು ನಿನ್ನ ವಿಚಾರ ನೋಡ್ಕೋತಾನೆ. ಕೆಳಗಿರೋ ಗಾಡಿ ನಾನು ನೋಡ್ತೀನಿ. ಬಾಯಿ ಫ್ಯೂಸ್ ಕಿತ್ತು ಜೇಬಲ್ಲಿಟ್ಕೋ.”

ಅಧಿಕಾರಿ ನಕ್ಕ. ಯಜಮಾನನೂ ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ.

ಎರಡೂವರೆ ಗಂಟೆ ಟೆಸ್ಟರ್ ಕೆಲಸ ಮಾಡಿದ. ಅದನ್ನು ನೋಡುವುದೇ ಒಂದು ಚಂದ. ಮೊದಲು ಬ್ಯಾಟರಿ, ಆಮೇಲೆ ಅರ್ಥಿಂಗ್. “ಅರ್ಥ್ ಸರಿ ಇಲ್ದಿದ್ರೆ ಯಾವುದಕ್ಕೂ ಅರ್ಥ ಇಲ್ಲ” ಎಂದು ತನಗೆ ತಾನೇ ಹೇಳಿಕೊಂಡ. ಇಂಜಿನ್ನಿನ ಕಂಪ್ಯೂಟರ್ ಸತ್ತಿತ್ತು, ಮೀಟರ್ ಬೋರ್ಡು ಸತ್ತಿತ್ತು, ರೇಡಿಯೋ, ವೈಪರ್ ಮೋಟರು, ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನ ಡಯೋಡುಗಳು, ಎಲ್ಲ ಸಾಮೂಹಿಕ ಸಾವು. ಎದ್ದು ಏಣಿ ಹಾಕಿ ವ್ಯಾನಿನ ತಲೆಯ ಮೇಲೆ ಅಂಗೈಯಿಂದ ಇಂಚಿಂಚೂ ಸವರಿದ. ಕೆಳಗೆ ಮಲಗಿ ನಾಲ್ಕೂ ಟೈರು, ನಾಲ್ಕೂ ರಿಮ್ಮು ನೋಡಿದ. ಬಾನೆಟ್ಟಿನೊಳಗೆ ಮತ್ತೆ ತಲೆ ಹಾಕಿದವನು ಒಂದು ತಂತಿಯನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲದ ಹಾಗೆ ಎತ್ತಿ ಹಿಡಿದ. ಲ್ಯಾಂಪಿನ ತಂತಿ. ಉದ್ದಕ್ಕೂ ಸುಟ್ಟಿತ್ತು.

“ಇದು ಯಾರ ಕೈಚಳಕ?”

ತಮ್ಮ ತಲೆ ತಗ್ಗಿಸಿದ.

ಟೆಸ್ಟರ್ ಅಧಿಕಾರಿಯ ಕಡೆ ತಿರುಗಿದ. “ಸಿಡಿಲು ಅಂದ್ರೆ ಕಳ್ಳ ಅಲ್ಲ ಸಾರ್, ಬಂದ ಗುರುತು ಬಿಡುತ್ತೆ, ಹೋದ ಗುರುತೂ ಬಿಡುತ್ತೆ. ಬಂದ ಕಡೆ ಲೋಹ ಕರಗಿರಬೇಕು, ಹೋದ ಕಡೆ ಟೈರು ಸೀಳಿರಬೇಕು. ಇಲ್ಲಿ ಎರಡೂ ಇಲ್ಲ. ಇರೋದು ಇದೊಂದೇ. ಫ್ಯೂಸ್ ಇಲ್ಲದ ತಂತಿ ಬಾಡಿ ಕಬ್ಬಿಣಕ್ಕೆ ತಾಗಿದೆ, ಬಿಸಿಗೆ ಬ್ಯಾಟರಿ ಕ್ಲ್ಯಾಂಪ್ ಸಡಿಲ ಆಗಿದೆ. ಓಡ್ತಿರೋ ಇಂಜಿನ್ನಲ್ಲಿ ಬ್ಯಾಟರಿ ಕೈಬಿಟ್ರೆ ಆಲ್ಟರ್ನೇಟರ್‌ಗೆ ಲಗಾಮು ಇರಲ್ಲ, ಸಿಕ್ಕಿದ್ದನ್ನೆಲ್ಲ ಸುಡುತ್ತೆ. ತೋರಿಸ್ತೀನಿ.”

ಬೆಂಚಿನ ಮೇಲೆ ಬೇರೊಂದು ಆಲ್ಟರ್ನೇಟರನ್ನು ಮೋಟರಿಗೆ ಬೆಲ್ಟಿನಿಂದ ಬಿಗಿದು ಓಡಿಸಿದ. ಬ್ಯಾಟರಿ ಸೇರಿಸಿದ, ಒಂದು ಬಲ್ಬು ಹಚ್ಚಿದ. ಆಮೇಲೆ ಬ್ಯಾಟರಿಯ ತಂತಿಯನ್ನು ಫಟ್ಟನೆ ಎಳೆದ. ಬಲ್ಬು ಒಮ್ಮೆ ಬೆಳ್ಳಗೆ ಉರಿದು ಚಿಟ್ ಎಂದು ಸತ್ತಿತು. ಮೂವರೂ ಕಣ್ಣು ಮುಚ್ಚಿಕೊಂಡರು.

“ನಮ್ಮ ಡ್ರೈವರ್ ಸಾಹೇಬ್ರು ನೋಡಿದ ಸಿಡಿಲು ಇದೇ.”

ತರ್ಕದಲ್ಲಿ ಒಂದೂ ಬಿರುಕಿರಲಿಲ್ಲ. ತಪ್ಪು ಮಾತ್ರ ಇತ್ತು. ಅಂಗಡಿಯಲ್ಲಿದ್ದ ಗಾಡಿಯನ್ನು ಪೂರ್ತಿ ನೋಡಿದ್ದ, ಶೆಡ್ಡಿನಲ್ಲಿದ್ದ ಗಾಡಿಯ ಬಗ್ಗೆ ಕೇಳಿರಲಿಲ್ಲ. ಕೇಳುವುದು ಅವನ ಪದ್ಧತಿಯಲ್ಲೇ ಇರಲಿಲ್ಲ. ಸಿಡಿಲೇ ಲ್ಯಾಂಪಿನ ತಂತಿಯಲ್ಲೂ ಹರಿದು ಅದನ್ನು ಸುಟ್ಟಿರಬಹುದೆಂದು ಅವನಿಗೆ ಹೊಳೆಯಬೇಕಿತ್ತು. ಫ್ಯೂಸ್ ಇಲ್ಲದ ತಂತಿ ಕಂಡ ಕೋಪದಲ್ಲಿ ಅದು ಹೊಳೆಯಲಿಲ್ಲ. ಅಲ್ಲೇ ಬೆಂಚಿನ ಮೇಲೆ ಬರೆದು ಸಹಿ ಹಾಕಿದ. ಸುಟ್ಟ ತಂತಿಯನ್ನು ಸುರುಳಿ ಸುತ್ತಿ ಹಲಗೆಗೆ ನೇತುಹಾಕಿದ. ಚೀಟಿಯಲ್ಲಿ: ‘ನನ್ನ ತಮ್ಮ.’ ಕಾರಣ ಬರೆಯಲಿಲ್ಲ.

ಟೆಸ್ಟರ್ ಸಹಿ ಬಿದ್ದ ಮೇಲೆ ಶೆಡ್ಡಿನ ಸಾಮಾನು ಯಜಮಾನನ ತಲೆಗೂ ಬರಲಿಲ್ಲ, ಅಲ್ಲೇ ಡ್ರೈವರ್ ಕೈಯಿಂದ ಬೀಗದ ಕೈ ತೆಗೆದುಕೊಂಡ.

ಅಂದು ಊಟದ ಹೊತ್ತಿಗೆ ಟೆಸ್ಟರ್ ಹೆಂಡತಿ ಕೇಳಿದಳು. ಮೈದುನನನ್ನು ಅವನ ಹದಿನಾಲ್ಕನೇ ವಯಸ್ಸಿನಿಂದ ಅನ್ನ ಹಾಕಿ ಬೆಳೆಸಿದವಳು ಅವಳು.

“ಅವನು ಏನೋ ಹೇಳಕ್ಕೆ ಬಂದ್ನಂತೆ. ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ಸೋತವನ ಮಾತಿಗೆ ಯಾವಾಗ್ಲೂ ಉದ್ದ ಜಾಸ್ತಿ ಕಣೇ.”

ಬಾಗಿಲ ಬಳಿ ನಿಂತಿದ್ದ ತಮ್ಮ, “ಅತ್ತಿಗೆ, ಬಿಡಿ” ಅಂದ. ಆಮೇಲೆ ಮೆಲ್ಲಗೆ, “ಅಣ್ಣಾ, ಶೆಡ್ಡಲ್ಲಿ ಆ ಕ್ಯಾರಿಯರ್ ಇದೆ. ಒಂದ್ಸಲ ಬಂದು ನೋಡ್ತೀಯಾ?”

“ಇವತ್ತು ಕ್ಯಾರಿಯರ್ ತೋರಿಸ್ತೀಯ. ನಾಳೆ ಮೋಡ ಹಿಡ್ಕೊಂಡು ಬಂದು ಇದೇ ನೋಡಣ್ಣ ಅಂತೀಯ. ಸಹಿ ಹಾಕಿದ್ದು ಹಾಕಿದ್ದೇ. ಊಟ ಮಾಡು.”

ತಮ್ಮ ಊಟ ಮಾಡಿದ. ಅಣ್ಣ ಹೇಳಿದ್ದನ್ನು ಮೀರುವ ಅಭ್ಯಾಸ ಇರಲಿಲ್ಲ.

ಆ ಒಂದು ಚೀಟಿಯಿಂದ ಟೆಸ್ಟರ್ ಹೆಸರು ಮೂರು ಪಟ್ಟಾಯಿತು. “ಒಡಹುಟ್ಟಿದವನನ್ನೂ ಬಿಡ್ಲಿಲ್ಲ ನೋಡ್ರಿ” ಎಂದು ಅಧಿಕಾರಿ ಹೋದಲ್ಲೆಲ್ಲ ಹೇಳಿದ. ಎರಡು ಕಾರ್ಖಾನೆಗಳ ಬಸ್ಸುಗಳು ಅವನ ಅಂಗಡಿಗೇ ಬರತೊಡಗಿದವು. ಕಾಲೇಜಿನವರು ಕರೆದು ಹುಡುಗರ ಮುಂದೆ ಭಾಷಣ ಮಾಡಿಸಿದರು. ವಿಷಯ: ‘ವೃತ್ತಿಯಲ್ಲಿ ಪ್ರಾಮಾಣಿಕತೆ.’ ಭಾಷಣದ ನಡುವೆ ಬಲ್ಬು ಸಿಡಿಸಿ ತೋರಿಸಿದ, ಚಪ್ಪಾಳೆ ಬಿತ್ತು.

ಅದೇ ಚೀಟಿಯಿಂದ ತಮ್ಮನಿಗೆ ಊರಿನ ಸ್ಟಿಯರಿಂಗುಗಳೆಲ್ಲ ಕೈತಪ್ಪಿದವು. “ಅಣ್ಣನೇ ನಂಬದವನನ್ನ ನಾವು ನಂಬೋದಾ?” ಎನ್ನುತ್ತಿದ್ದರು. ನಾಲ್ಕು ತಿಂಗಳು ಅಲೆದು ಕೊನೆಗೆ ಅಣ್ಣನ ಅಂಗಡಿಯಲ್ಲೇ ಬ್ಯಾಟರಿಗಳಿಗೆ ನೀರು ಹಾಕುವ, ಟರ್ಮಿನಲ್ ಉಜ್ಜುವ ಕೆಲಸಕ್ಕೆ ನಿಂತ. ನಲವತ್ತರ ಗಂಡಸು. ಆ್ಯಸಿಡ್ ಚೆಲ್ಲಿ ಪ್ಯಾಂಟಿನ ಮಂಡಿ ಜಾಲರಿಯಾಯಿತು. ಬೀದಿ ಅವನಿಗೆ ಸಿಡಿಲು ಎಂದು ಹೆಸರಿಟ್ಟಿತು.

“ಏನ್ ಸಿಡಿಲು ಸಾಹೇಬ್ರೇ, ಇವತ್ತು ಎಲ್ಲಿ ಬೀಳ್ತೀರಿ?” ಪಂಕ್ಚರ್ ಅಂಗಡಿಯವನ ದಿನನಿತ್ಯದ ಪ್ರಶ್ನೆ.

“ಬೀಳೋದು ಬಿದ್ದಾಯ್ತಲ್ಲ” ಎಂದು ತಮ್ಮ ನಗುತ್ತಿದ್ದ. ನಾವೂ ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ಟೆಸ್ಟರ್ ನಗುತ್ತಿದ್ದ.

ಮೊದಮೊದಲು ತಮ್ಮ ತಾನು ಕಂಡದ್ದನ್ನು ಕಂಡವರಿಗೆಲ್ಲ ಹೇಳುತ್ತಿದ್ದ: ಬಿಳುಪು ಹೊರಗಿನಿಂದ ಬಂತು, ಮೇಲಿಂದ ಬಂತು ಎಂದು. ಆಮೇಲೆ ‘ಮೇಲಿಂದ’ ಬಿಟ್ಟುಹೋಯಿತು. ಆಮೇಲೆ ‘ಹೊರಗಿನಿಂದ’ ಕೂಡ. ದಿನಕ್ಕೆ ಹತ್ತು ಸಲ ಆ ಹಲಗೆಯ ಮುಂದೆ ಓಡಾಡುವವನು, ತನ್ನ ತಂತಿಯನ್ನು ತಾನೇ ನೋಡಿ ನೋಡಿ, ಬಿಳುಪು ಬಾನೆಟ್ಟಿನೊಳಗೇ ಹುಟ್ಟಿತ್ತೇನೋ ಎಂದುಕೊಳ್ಳತೊಡಗಿದ. ಅಣ್ಣ ತಪ್ಪು ಮಾಡುವವನಲ್ಲ. ಹಾಗಾದರೆ ಕಣ್ಣೇ ತಪ್ಪು ಮಾಡಿರಬೇಕು.

ವರ್ಷ ತುಂಬುವ ಮೊದಲು ಒಂದು ಹಗಲು ಅದೇ ವ್ಯಾನು ಅಂಗಡಿಗೆ ಬಂತು. ಯಜಮಾನ ಸ್ವಂತ ಖರ್ಚಿನಲ್ಲಿ ರಿಪೇರಿ ಮಾಡಿಸಿ, ಶೆಡ್ಡಿನ ಕ್ಯಾರಿಯರನ್ನು ಮತ್ತೆ ಏರಿಸಿದ್ದ. ಓಡಿಸುತ್ತಿದ್ದವನು ಹೊಸ ಡ್ರೈವರ್.

“ಕ್ಯಾರಿಯರ್ ಮುಂದೆ ಒಂದು ಲ್ಯಾಂಪ್ ಬೇಕಂತೆ, ಲಗೇಜ್ ಇಳ್ಸಕ್ಕೆ” ಎಂದ. ಬಾಯಿ ತೆರೆಯಬಾರದೆಂದು ಅವನಿಗೆ ಗೊತ್ತಿರಲಿಲ್ಲ, ಮುಂದುವರಿಸಿದ. “ಎಡಚಕ್ರ ಬೇರೆ ಯಾವಾಗ್ಲೂ ಗುರ್ ಅನ್ನುತ್ತೆ. ಎರಡು ಸಲ ಬೇರಿಂಗ್ ಬದಲಾಯ್ಸಿದ್ರು, ಅದು ಕೂರೋ ಜಾಗವೇ ಗುಳಿ ಬಿದ್ದಿದೆಯಂತೆ. ನನಗೇನು, ತಿಂಗಳ ಕೊನೆಗೆ ನಾನು ಬಿಡ್ತಿದ್ದೀನಿ. ಯಜಮಾನ್ರು ಡ್ರೈವರ್ ಹುಡುಕ್ತಿದ್ದಾರೆ.”

ತಮ್ಮ ಏಣಿ ತಂದು ಹಾಕಿ ಎರಡೂ ಕೈಯಲ್ಲಿ ಹಿಡಿದ. ಟೆಸ್ಟರ್ ಹತ್ತಿದ.

ಕ್ಯಾರಿಯರಿನ ಮುಂದಿನ ಪಟ್ಟಿಯ ನಡುವೆ ಬೆರಳಗಲದ ಒಂದು ಗುಳಿ ಇತ್ತು. ಕಬ್ಬಿಣ ಮೇಣದಂತೆ ಕರಗಿ, ಅಂಚಿನಲ್ಲಿ ಸಾಸಿವೆ ಗಾತ್ರದ ಹನಿಗಳಾಗಿ ಗಟ್ಟಿಯಾಗಿತ್ತು. ಸುತ್ತ ನವಿಲುಬಣ್ಣದ ಉಂಗುರ. ವೆಲ್ಡಿಂಗಿನ ಗುರುತು ಹೀಗಿರುವುದಿಲ್ಲ. ಕ್ಯಾರಿಯರನ್ನು ವ್ಯಾನಿಗೆ ಬಿಗಿದ ಹಿಡಿಗಳಲ್ಲಿ ಹಳೇ ರಬ್ಬರಿನ ಕರಕಲು ಇನ್ನೂ ಅಂಟಿತ್ತು. ಬಂದ ಗುರುತು ಇಲ್ಲಿತ್ತು. ಹೋದ ಗುರುತು ಕೆಳಗೆ ಎಡಚಕ್ರದಲ್ಲಿ ಗುರುಗುಡುತ್ತಿತ್ತು. ಇಡೀ ಊರಿನಲ್ಲಿ ಆ ಗುಳಿಯನ್ನು ಓದಬಲ್ಲವನು ಒಬ್ಬನೇ ಇದ್ದ, ಅವನು ಓದಿದ.

ಅಂಗಿಯ ತುದಿಯಿಂದ ಗುಳಿಯ ಧೂಳು ಒರೆಸಿದ.

“ಅಣ್ಣಾ” ಎಂದ ತಮ್ಮ ಕೆಳಗಿನಿಂದ. “ಡ್ರೈವರ್ ಹುಡುಕ್ತಿದ್ದಾರಂತೆ. ನೀನು ಒಂದು ಮಾತು ಹೇಳಿದ್ರೆ ಯಜಮಾನ್ರು ನನ್ನ ತಗೋತಾರೇನೋ. ನಿನ್ನ ಮಾತು ತೆಗೆದುಹಾಕಲ್ಲ.”

ಟೆಸ್ಟರ್ ಗುಳಿಯ ಮೇಲೆ ಹೆಬ್ಬೆರಳಿಟ್ಟ. ಹೆಬ್ಬೆರಳಿಗೆ ಸರಿಯಾಗಿ ಮುಚ್ಚಿತು, ತೆಗೆದರೆ ಮತ್ತೆ ಕಂಡಿತು.

“ಏಣಿ ಅಲ್ಲಾಡ್ತಿದೆ. ಸರಿಯಾಗಿ ಹಿಡ್ಕೋ.”

“ಹಿಡ್ದಿದ್ದೀನಿ.” ತಮ್ಮ ಕಾಲು ಒತ್ತಿ ನಿಂತ. ತುಸು ತಡೆದು, “ಅದೂ ಸರಿ ಬಿಡು, ನಿನ್ನ ಹೆಸರು ಯಾಕೆ ಹಾಳು ಮಾಡ್ಕೋತೀಯ. ತಪ್ಪು ನಂದೇ ಅಲ್ವಾ” ಎಂದ.

ಮೇಲಿನಿಂದ “ಹ್ಞೂಂ” ಬಂತು.

“ಲ್ಯಾಂಪ್ ಎಲ್ಲಿ ಕೂರಿಸ್ತೀಯ? ಎಡಗಡೆ ಹಾಕಿದ್ರೆ ಬಾಗಿಲಿಗೆ ಬೆಳಕು ಬೀಳುತ್ತೆ.”

“ನಡುವೆ.”

“ನಡುವೆ ಹಾಕಿದ್ರೆ ಡ್ರೈವರ್ ಕಣ್ಣಿಗೆ...”

“ನಡುವೆ ಅಂದ್ನಲ್ಲ! ಸ್ಟ್ಯಾಂಡ್ ಕೊಡು. ಅಗಲದ್ದು.”

ತಮ್ಮ ಅಗಲದ ಸ್ಟ್ಯಾಂಡ್ ಹುಡುಕಿ ಕೊಟ್ಟ. ಟೆಸ್ಟರ್ ಅದನ್ನು ಗುಳಿಯ ಮೇಲೆ ಸರಿಯಾಗಿ ಕೂರಿಸಿ, ಎರಡು ಬೋಲ್ಟು ಹಾಕಿ ಬಿಗಿದ. ಸಾಮಾನ್ಯವಾಗಿ ಎರಡು ಸುತ್ತು ತಿರುಗಿಸಿ ಬಿಡುವವನು ಅಂದು ಸ್ಪ್ಯಾನರ್ ಜಾರುವವರೆಗೆ ತಿರುಗಿಸಿದ.

“ಅಣ್ಣಾ, ಈ ಸಲ ಫ್ಯೂಸ್ ಹಾಕು” ಎಂದು ತಮ್ಮ ಕೈ ಚಾಚಿದ. ಅಂಗೈಯಲ್ಲಿ ಹತ್ತು ಆಂಪಿಯರಿನ ಫ್ಯೂಸು, ಅವನೇ ಒರೆಸಿ ಇಟ್ಟುಕೊಂಡಿದ್ದ. “ನಾನು ಮಾಡಿದ ಹಾಗೆ ಬಿಡಬೇಡ. ಓಡಿಸೋನಿಗೆ ತೊಂದ್ರೆ.”

ಟೆಸ್ಟರ್ ಬಗ್ಗಿ ಅದನ್ನು ತೆಗೆದುಕೊಂಡ. ತಮ್ಮನ ಮುಖ ನೋಡಲಿಲ್ಲ. ತಮ್ಮನೇ ಒಳಗೆ ಹೋಗಿ ಸ್ವಿಚ್ ಒತ್ತಿದ. ಇಷ್ಟು ತಿಂಗಳ ನಂತರ ಆ ಸೀಟಿನ ಮೇಲೆ ಒಂದು ನಿಮಿಷ ಕೂತು, ಸ್ಟಿಯರಿಂಗನ್ನು ಮುಟ್ಟದೆ ಇಳಿದ. ಲ್ಯಾಂಪು ಚೆನ್ನಾಗಿ ಉರಿಯಿತು.